ನಸುಕಿನ ಟರ್ಕಿ ಬೇಟೆ: ಹುಂಜ ಕೂಗುತ್ತದೆ, ಆದರೆ ಬರುವುದಿಲ್ಲ ಎನ್ನುವವರಿಗೆ

ಟರ್ಕಿ ಅಂದರೆ ಅಮೆರಿಕದ ಕಾಡಿನ ದೊಡ್ಡ ಕೋಳಿಜಾತಿಯ ಹಕ್ಕಿ. ಅದರ ಬೇಟೆಯ ಬಗ್ಗೆ ಏಪ್ರಿಲ್ ಕೊನೆ ವಾರ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಕತ್ತಲಲ್ಲೇ ಹೋಗಿ ಕೂತೆ. ಹುಂಜ ಮರದ ಮೇಲಿಂದ ಇಪ್ಪತ್ತು ಸಲ ಕೂಗಿತು. ನಾನೂ ಪೀಪಿಯಲ್ಲಿ ಹೇಂಟೆಯ ಹಾಗೆ ಕೂಗಿದೆ. ಕೆಳಗಿಳಿದದ್ದೇ ಆಚೆ ಕಡೆ ಹೊರಟುಹೋಯಿತು." ಆಮೇಲೆ ಇನ್ನೂ ದುಬಾರಿ ಕೋವಿ ಬೇಕಾ, ಇನ್ನೊಂದು ಪೀಪಿ ಕೊಳ್ಳಲಾ ಅಂತ ಪ್ರಶ್ನೆ.

ಕೋವಿ ಬೇಡ, ಪೀಪಿಯೂ ಬೇಡ. ಫೋನು ಮಾಡಿದವರಲ್ಲಿ ಹೆಚ್ಚಿನವರು ಮರಕ್ಕೆ ತೀರಾ ಹತ್ತಿರ ಹೋಗಿರುತ್ತಾರೆ, ಜಾಸ್ತಿ ಕೂಗಿರುತ್ತಾರೆ, ಬೇಗ ಎದ್ದಿರುತ್ತಾರೆ. ಮರೆಯಲ್ಲಿ ಅಲುಗದೆ ಕಾದು ಕೂರುವುದಕ್ಕೆ ಮಲೆನಾಡಿನ ಹಳಬರು 'ಮರಸು ಕೂರುವುದು' ಅನ್ನುತ್ತಿದ್ದರಲ್ಲ, ಟರ್ಕಿ ಬೇಟೆ ಹೆಚ್ಚೂಕಡಿಮೆ ಅದೇ. ಕೂರಲು ಬಂದರೆ ಮುಕ್ಕಾಲು ಕೆಲಸ ಮುಗಿಯಿತು.

ಇಲ್ಲಿ ಹೇಳುವುದು ಅಮೆರಿಕದ ಮಿಸೌರಿ ರಾಜ್ಯದ ವಸಂತ ಕಾಲದ ಬೇಟೆ. ಓಕ್ ಮತ್ತು ಹಿಕರಿ ಮರಗಳ ಓಜಾರ್ಕ್ ಗುಡ್ಡಗಳು ನನಗೆ ಗೊತ್ತಿರುವ ಜಾಗ. ಬೇರೆ ರಾಜ್ಯದಲ್ಲಿ ಹಕ್ಕಿಯ ನಡತೆ ಹೆಚ್ಚು ಬದಲಾಗುವುದಿಲ್ಲ, ಕಾನೂನು ಬದಲಾಗುತ್ತದೆ. ಊರಿಗೆ ಹೋದಾಗ ಇದನ್ನು ಕಾಡುಕೋಳಿಯ ಮೇಲೆ ಪ್ರಯೋಗಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಜೈಲೂ ಇದೆ.

## 1. ಮೊದಲು ಕಾಗದ, ಆಮೇಲೆ ಕೋವಿ

ಈ ಹಂತದಲ್ಲಿ ತಪ್ಪಿದರೆ ಹಕ್ಕಿ ಹೋಗುವುದಿಲ್ಲ, ವೀಸಾ ಹೋಗುತ್ತದೆ. ಆದ್ದರಿಂದ ನಿಧಾನವಾಗಿ ಓದಿ.

ಎಚ್-1ಬಿ, ಎಚ್-4, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ನಮಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದಲ್ಲಿ ಕಾನೂನುಬದ್ಧವಾಗಿ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ನಿಮ್ಮ ಬಳಿ ಇರಬೇಕು. ಅಂದರೆ ಪರವಾನಗಿ ಮೊದಲು, ಕೋವಿ ಮುಟ್ಟುವುದು ಆಮೇಲೆ. "ಗೆಳೆಯನ ಕೋವಿ, ನಾನು ಸುಮ್ನೆ ಹಿಡಿದುಕೊಂಡೆ" ಅನ್ನುವ ಮಾತು ನಡೆಯುವುದಿಲ್ಲ. ಪರವಾನಗಿಯ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ಮನೆಯ ಕಪಾಟಿನಲ್ಲಿ ಕೋವಿ ಇದ್ದರೂ ಸಮಸ್ಯೆಯೇ. ಸ್ವಂತಕ್ಕೆ ಕೋವಿ ಕೊಳ್ಳುವ ಮುಂಚೆ ವಲಸೆ ವಕೀಲರನ್ನು ಒಂದು ಸಲ ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

1967ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಮಿಸೌರಿಯಲ್ಲಿ ಬೇಟೆಗಾರರ ಶಿಕ್ಷಣ ಪ್ರಮಾಣಪತ್ರ ಪಡೆಯಬೇಕು. ಅದಾದ ಮೇಲೆ ವಸಂತದ ಟರ್ಕಿ ಪರ್ಮಿಟ್. ಸೀಸನ್ ಸಾಮಾನ್ಯವಾಗಿ ಏಪ್ರಿಲ್‌ನ ಮೂರನೇ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಈಡು ಹೊಡೆಯಬಹುದು. ಸರ್ಕಾರಿ ಜಾಗದಲ್ಲಿ ಮಧ್ಯಾಹ್ನ 1 ಗಂಟೆಗೆ ನಿಲ್ಲಿಸಬೇಕು. ಹೊಡೆಯಬಹುದಾದದ್ದು ಹುಂಜ, ಇಲ್ಲವೇ ಎದೆಯ ಮೇಲೆ ಗಡ್ಡ (ಎದೆಯಿಂದ ತೂಗುವ ಕೂದಲಿನಂಥ ಜೊಂಪೆ) ಕಾಣುವ ಹಕ್ಕಿ ಮಾತ್ರ. ಕಾಳು ಚೆಲ್ಲಿ ಕರೆಯುವಂತಿಲ್ಲ. ಕಾಳು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗ ನಿಷಿದ್ಧ. ಫೋನಿನಲ್ಲಿ ರೆಕಾರ್ಡ್ ಮಾಡಿದ ಕೂಗನ್ನು ಹಾಕುವಂತಿಲ್ಲ. ನಾಲ್ಕನೇ ನಂಬರಿಗಿಂತ ದಪ್ಪ ಚರೆ (ತೋಟಾದೊಳಗಿನ ಸಣ್ಣ ಗುಂಡು, ನಂಬರ್ ಹೆಚ್ಚಾದಷ್ಟು ಸಣ್ಣದು) ಜೇಬಿನಲ್ಲಿ ಇಟ್ಟುಕೊಂಡಿದ್ದರೂ ತಪ್ಪೇ. ಎಷ್ಟು ಹಕ್ಕಿ, ಯಾವ ಕಾಡಿನಲ್ಲಿ ಕೋವಿಗೆ ಅನುಮತಿ ಅನ್ನುವುದನ್ನು ಸಂರಕ್ಷಣಾ ಇಲಾಖೆಯ ಆ ವರ್ಷದ ಪುಸ್ತಿಕೆಯಲ್ಲೇ ನೋಡಿ. ಹೋದ ವರ್ಷದ್ದನ್ನು ನಂಬಬೇಡಿ.

## 2. ಏನೇನು ಬೇಕು

ಅಂಗಡಿಯಲ್ಲಿ ಟರ್ಕಿ ಬೇಟೆಯ ವಿಭಾಗಕ್ಕೆ ಹೋದರೆ ಅರ್ಧ ಸಂಬಳ ಅಲ್ಲೇ ಬಿಟ್ಟು ಬರಬಹುದು. ನಿಜವಾಗಿ ಬೇಕಾದದ್ದು ಇಷ್ಟು:

- 12 ಅಥವಾ 20 ಗೇಜ್ ಶಾಟ್‌ಗನ್, ಅದಕ್ಕೆ ಬಿಗಿಯಾದ ಫುಲ್ ಚೋಕ್ ಅಥವಾ ಟರ್ಕಿ ಚೋಕ್ (ಚರೆ ಹರಡದ ಹಾಗೆ ನಳಿಗೆಯ ಬಾಯಿಯನ್ನು ಕಿರಿದು ಮಾಡುವ ಕೊಳವೆ)
- 5 ಅಥವಾ 6ನೇ ನಂಬರ್ ಸೀಸದ ಚರೆಯ ತೋಟಾ
- ಒಂದು ಪಾಟ್ ಕಾಲ್ (ಸ್ಲೇಟಿನ ಬಿಲ್ಲೆ ಮತ್ತು ಕಡ್ಡಿ) ಅಥವಾ ಬಾಕ್ಸ್ ಕಾಲ್ (ಮುಚ್ಚಳ ಉಜ್ಜಿ ಹಕ್ಕಿಯ ಕೂಗು ಹೊರಡಿಸುವ ಮರದ ಪೆಟ್ಟಿಗೆ)
- ಕಾಡಿನ ಬಣ್ಣದ ಬಟ್ಟೆ, ಕೈಗವಸು, ಮುಖಮುಚ್ಚು
- ದಪ್ಪನೆಯ ಕೂರುವ ಮೆತ್ತೆ
- ಕೆಂಪು ಬೆಳಕಿನ ತಲೆಲೈಟು
- ಉಜ್ವಲ ಕಿತ್ತಳೆ ಬಣ್ಣದ ಒಂದು ಬಟ್ಟೆ

ಈ ಪಟ್ಟಿಯಲ್ಲಿ ಜನ ಮರೆಯುವುದು ಮೆತ್ತೆಯನ್ನು. ನನ್ನ ಮೊದಲ ವರ್ಷ ಓಕ್ ಮರದ ಬೇರಿನ ಮೇಲೆ ಹಾಗೇ ಕೂತಿದ್ದೆ. ನಲವತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಸ್ವಲ್ಪ ಸರಿದು ಕೂತೆ, ಅಷ್ಟೇ. ಎಡಗಡೆ ಮೂವತ್ತು ಗಜದಲ್ಲಿ ಸದ್ದಿಲ್ಲದೆ ನಿಂತಿದ್ದ ಹುಂಜ ಕಾಲಿಗೆ ಬುದ್ಧಿ ಹೇಳಿತು. ಆ ಮಧ್ಯಾಹ್ನವೇ ಮೆತ್ತೆ ಕೊಂಡೆ.

ಟಂಗ್‌ಸ್ಟನ್ ಚರೆಯ ತೋಟಾ ಸೀಸಕ್ಕಿಂತ ತುಂಬಾ ಸಾಂದ್ರ. ಹಾಗಾಗಿ 9ನೇ ನಂಬರಿನ ಸಣ್ಣ ಚರೆಯೂ ದೂರಕ್ಕೆ ಬಲವಾಗಿ ಹೋಗುತ್ತದೆ. ಬೆಲೆಯೂ ಹಾಗೇ ಇದೆ. ಹೊಸಬರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ದೂರಕ್ಕೆ ಹೊಡೆಯಬಹುದು ಅನ್ನುವ ಧೈರ್ಯ ಬರುತ್ತದೆ, ಕಾಯುವ ಅಭ್ಯಾಸ ಹೋಗುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದು ಕಟ್ಟುನಿಟ್ಟು: ಕೆಂಪು, ಬಿಳಿ, ನೀಲಿ ಎಲ್ಲೂ ಕಾಣಬಾರದು. ಒಳಗಿನ ಬನಿಯನ್, ಕಾಲುಚೀಲ, ಕರ್ಚೀಫು ಕೂಡ. ವಸಂತದಲ್ಲಿ ಹುಂಜದ ತಲೆ ಈ ಮೂರೇ ಬಣ್ಣದಲ್ಲಿರುತ್ತದೆ. ಪೊದೆಯ ನಡುವೆ ಬಿಳಿ ಕರ್ಚೀಫು ಆಡಿದರೆ ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಅದು ಹುಂಜದ ತಲೆ. ಬಟ್ಟೆ ಒಗೆಯುವಾಗ ಹೊಳಪು ಕೊಡುವ ಸೋಪಿನ ಪುಡಿಯನ್ನೂ ಬಿಡಿ. ಅತಿನೇರಳೆ ಬೆಳಕು ನಮಗೆ ಕಾಣದು, ಹಕ್ಕಿಗೆ ಕಾಣುತ್ತದೆ.

ಉಣ್ಣೆ ಹುಳುವಿನ ವಿಚಾರವನ್ನು ತಮಾಷೆ ಮಾಡಬೇಡಿ. ಏಪ್ರಿಲ್‌ನಲ್ಲಿ ಓಜಾರ್ಕ್ ಕಾಡಿನ ನೆಲದ ಮೇಲೆ ಕೂತರೆ ಅವು ಹತ್ತಿಯೇ ಹತ್ತುತ್ತವೆ. ಇಲ್ಲಿನ 'ಲೋನ್ ಸ್ಟಾರ್' ಉಣ್ಣೆ ಕಚ್ಚಿದ ಕೆಲವರಿಗೆ ಕುರಿ, ಹಂದಿ, ದನದ ಮಾಂಸವೇ ಆಗದಂಥ ಅಲರ್ಜಿ ಬರುತ್ತದೆ. ಹಿಂದಿನ ದಿನವೇ ಬಟ್ಟೆ ಮತ್ತು ಬೂಟಿಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸಿಂಪಡಿಸಿ ಒಣಗಿಸಿ. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವಂಥದ್ದಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ತಕ್ಷಣ ಮೈಯೆಲ್ಲ ನೋಡಿಕೊಳ್ಳಿ.

## 3. ಕಾಗದದ ಮೇಲೆ ಚರೆ ಎಣಿಸಿ

ಟರ್ಕಿಯ ಮೈಗೆ ಹೊಡೆಯುವುದಿಲ್ಲ. ದಪ್ಪ ಗರಿ, ದೊಡ್ಡ ಎದೆ, ಅಲ್ಲಿ ಚರೆ ಬಿದ್ದರೆ ಹಕ್ಕಿ ಗಾಯಗೊಂಡು ಹಾರುತ್ತದೆ, ಎಲ್ಲೋ ಹೋಗಿ ಸಾಯುತ್ತದೆ. ಗುರಿ ಇರುವುದು ತಲೆ ಮತ್ತು ಕತ್ತು, ಅಂದರೆ ನಿಮ್ಮ ಅಂಗೈಗಿಂತ ಸ್ವಲ್ಪ ಉದ್ದದ ಜಾಗ. ಹಾಗಾಗಿ ನಿಮ್ಮ ಕೋವಿಯ ಚರೆ ಎಲ್ಲಿ, ಎಷ್ಟು ಒತ್ತಾಗಿ ಬೀಳುತ್ತದೆ ಅಂತ ಗೊತ್ತಿರಲೇಬೇಕು.

ದೊಡ್ಡ ಕಾಗದದಲ್ಲಿ 10 ಇಂಚಿನ ವೃತ್ತ ಬರೆದು 20, 30, 40 ಗಜದಿಂದ ಒಂದೊಂದು ಈಡು ಹೊಡೆಯಿರಿ. ವೃತ್ತದೊಳಗೆ ನೂರು ಚರೆ ಬೀಳುವುದು ಎಲ್ಲಿಯವರೆಗೋ ಅಲ್ಲಿಯವರೆಗೆ ಮಾತ್ರ ನಿಮ್ಮ ಕೋವಿಯ ಎಲ್ಲೆ. ಸಾಕಷ್ಟು ಕೋವಿಗಳಿಗೆ ಅದು 40 ಗಜ, ಅಂದರೆ ಸುಮಾರು 37 ಮೀಟರ್. ಕೆಲವಕ್ಕೆ ಮೂವತ್ತೇ.

ಈಗ 10 ಗಜದಿಂದ ಒಂದು ಹೊಡೆದು ನೋಡಿ. ಚರೆಯೆಲ್ಲ ಒಂದು ಮುಷ್ಟಿಯಷ್ಟು ತೂತು ಮಾಡಿರುತ್ತದೆ. ಹತ್ತಿರ ಬಂದ ಹುಂಜವನ್ನು ಜನ ತಪ್ಪಿಸುವುದು ಇದಕ್ಕೇ. "ಇಷ್ಟು ಹತ್ತಿರ ಇದೆ, ಹೇಗಾದರೂ ಬೀಳುತ್ತೆ" ಅಂತ ನಳಿಗೆಯ ಮೇಲಿಂದ ತಲೆಯೆತ್ತಿ ಹೊಡೆಯುತ್ತಾರೆ, ಚರೆ ಹಕ್ಕಿಯ ತಲೆ ಮೇಲಿಂದ ಹೋಗುತ್ತದೆ. ಕೆನ್ನೆ ಕೋವಿಯ ಹಿಡಿಗೆ ಅಂಟಿಯೇ ಇರಬೇಕು.

ಈ ಅಭ್ಯಾಸವನ್ನು ನಿಂತು ಮಾಡಬೇಡಿ. ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಕೋವಿ ಇಟ್ಟು ಮಾಡಿ. ಕಾಡಿನಲ್ಲಿ ಹೊಡೆಯುವುದು ಹಾಗೇ ತಾನೇ?

## 4. ಎರಡೇ ಮಾತು ಕಲಿಯಿರಿ

ಟರ್ಕಿಯ ಭಾಷೆಯಲ್ಲಿ ಹತ್ತಾರು ಸದ್ದುಗಳಿವೆ. ಮೊದಲ ವರ್ಷಕ್ಕೆ ಹೇಂಟೆಯ ಎರಡು ಸಾಕು. ಒಂದು ಯೆಲ್ಪ್: "ಕ್ಯೋಕ್, ಕ್ಯೋಕ್, ಕ್ಯೋಕ್" ಅಂತ ಒಂದೇ ಲಯದಲ್ಲಿ ನಾಲ್ಕೈದು ಸಲ, "ನಾನಿಲ್ಲಿದ್ದೇನೆ" ಅನ್ನುವ ಹಾಗೆ. ಇನ್ನೊಂದು ಕ್ಲಕ್: ನಾಲಿಗೆಯಿಂದ ಒಮ್ಮೆ 'ಟಕ್' ಅಂದ ಹಾಗೆ, ಮೆತ್ತಗೆ, ಬಿಡಿಬಿಡಿಯಾಗಿ. ಯೆಲ್ಪ್‌ನಲ್ಲಿ ಸ್ವರಕ್ಕಿಂತ ಲಯ ಮುಖ್ಯ. ಕಾಡಿನ ಹೇಂಟೆಗಳಲ್ಲೂ ಅಪಶ್ರುತಿಯವು ಬೇಕಾದಷ್ಟಿವೆ, ಆದರೆ ತಾಳ ತಪ್ಪುವವು ಇಲ್ಲ.

ಸ್ಲೇಟಿನ ಮೇಲೆ ಕಡ್ಡಿಯನ್ನು ಪೆನ್ನು ಹಿಡಿದ ಹಾಗೆ ಹಿಡಿದು ಸಣ್ಣ ವೃತ್ತ ಎಳೆಯಿರಿ. ಕಡ್ಡಿ ಮೇಲೆ ಎತ್ತಬೇಡಿ. ಸ್ಲೇಟು ಎಣ್ಣೆ ಕೈ ತಗುಲಿ ನುಣುಪಾದರೆ ಸದ್ದೇ ಬರುವುದಿಲ್ಲ, ಮರಳುಕಾಗದದಿಂದ ಉಜ್ಜಿ. ನಾನು ದಿನಾ ಆಫೀಸಿಗೆ ಹೋಗುವ ಮುಂಚೆ ಕಾರಿನಲ್ಲಿ ಕೂತು ಹತ್ತು ನಿಮಿಷ ಅಭ್ಯಾಸ ಮಾಡುತ್ತಿದ್ದೆ. ಮನೆಯೊಳಗೆ ಮಾಡಿದರೆ ಆಗುವ ಗಲಾಟೆ ನಿಮಗೇ ಗೊತ್ತು.

ಮೂರನೆಯ ಸದ್ದೊಂದನ್ನು ಗುರುತಿಸಲು ಕಲಿಯಿರಿ, ಆದರೆ ಎಂದೂ ಮಾಡಬೇಡಿ: "ಪಟ್! ಪಟ್!" ಇದು ಗಾಬರಿಯ ಕೂಗು. ಕ್ಲಕ್‌ಗಿಂತ ಚುರುಕು, ಗಡಸು. ಹೊಸಬರ ಕೈಯಲ್ಲಿ ಕ್ಲಕ್ ಸ್ವಲ್ಪ ಜೋರಾದರೆ ಪಟ್ ಆಗಿಬಿಡುತ್ತದೆ. ಕರೆಯುತ್ತಿದ್ದೇನೆ ಅಂದುಕೊಂಡು ಓಡು ಅಂತ ಹೇಳಿದ ಹಾಗಾಯಿತು.

ಹುಂಜದ ಗುಳುಗುಳು ಕೂಗಿನ ಪೀಪಿಯೂ ಸಿಗುತ್ತದೆ. ಸರ್ಕಾರಿ ಕಾಡಿನಲ್ಲಿ ಅದನ್ನು ಊದುವುದು ಅಂದರೆ ಬೇರೆ ಬೇಟೆಗಾರರನ್ನು ನಿಮ್ಮ ಮೇಲೆ ಕೋವಿ ತಿರುಗಿಸಲು ಕರೆದ ಹಾಗೆ. ಬೇಡ.

## 5. ಬೇಟೆ ಶುರುವಾಗುವುದು ಹಿಂದಿನ ಸಂಜೆ

ಹುಂಜ ಯಾವ ಮರದಲ್ಲಿ ಮಲಗಿದೆ ಅಂತ ಗೊತ್ತಿಲ್ಲದೆ ನಸುಕಿನಲ್ಲಿ ಕಾಡಿಗೆ ಹೋಗುವುದು ಜೂಜು. ಟರ್ಕಿಗಳು ಹಗಲೆಲ್ಲ ನೆಲದ ಮೇಲಿದ್ದು, ಸಂಜೆ ಹಾರಿ ದೊಡ್ಡ ಮರ ಹತ್ತುತ್ತವೆ. ಗುಡ್ಡದ ಏಣಿನ ಕೆಳಗಿನ ಇಳಿಜಾರು, ಹಳ್ಳದ ಪಕ್ಕದ ಸಿಕಮೋರ್ ಮರ ಅವಕ್ಕೆ ಇಷ್ಟ.

ಸೀಸನ್‌ಗೆ ಎರಡು ವಾರ ಮುಂಚೆ ಹಗಲಲ್ಲಿ ಒಂದು ಸುತ್ತು ಹಾಕಿ ಗುರುತು ನೋಡಿ. ಎಲೆ ಕೆದರಿದ ಜಾಗ ಮೇವಿನ ಜಾಗ. ಇಂಗ್ಲಿಷಿನ 'ಜೆ' ಅಕ್ಷರದ ಹಾಗೆ ಬಾಗಿದ ಹಿಕ್ಕೆ ಹುಂಜದ್ದು, ಸುರುಳಿಯಾಗಿ ಗುಡ್ಡೆ ಬಿದ್ದದ್ದು ಹೇಂಟೆಯದು. ಒಂದೇ ಮರದ ಬುಡದಲ್ಲಿ ಹಿಕ್ಕೆ ಮತ್ತು ಗರಿ ರಾಶಿ ಇದ್ದರೆ ಮಲಗುವ ಮರ ಸಿಕ್ಕಿತು. ಮಣ್ಣು ರಸ್ತೆಯಲ್ಲಿ ಹೆಜ್ಜೆಯ ಎರಡೂ ಬದಿಗೆ ಗೀರು ಎಳೆದಿದ್ದರೆ, ಹುಂಜ ರೆಕ್ಕೆ ಇಳಿಬಿಟ್ಟು ಕುಣಿದ ಜಾಗ ಅದು. ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬೇಟೆಯ ಹಿಂದಿನ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಎತ್ತರದ ಜಾಗದಲ್ಲಿ, ದೂರದಲ್ಲಿ ನಿಲ್ಲಿ. ರೆಕ್ಕೆ ಬಡಿಯುವ ಸದ್ದು ಕೇಳಿ. ಆಮೇಲೆ ಒಂದು ಸಲ ಗೂಬೆಯ ಕೂಗು ಹಾಕಿ. ಇಲ್ಲಿನ ಪಟ್ಟೆ ಗೂಬೆಯ "ಹೂ ಹೂ ಹುಹೂ, ಹೂ ಹೂ ಹುಹೂಊ" ಕೇಳಿದರೆ ಹುಂಜ ತಡೆಯಲಾರದೆ ಗುಳುಗುಳು ಅಂದುಬಿಡುತ್ತದೆ. ಜೋರಾದ ಯಾವ ಸದ್ದಿಗೂ ಅದು ಹಾಗೆ ಬಾಯಿ ಬಿಡುತ್ತದೆ: ಕಾಗೆ, ಗುಡುಗು, ಕಾರಿನ ಬಾಗಿಲು. ಇದೇ ಕೆಲಸಕ್ಕೆ ನವಿಲಿನ ಕೂಗಿನ ಪೀಪಿಯನ್ನೂ ಮಾರುತ್ತಾರೆ. ನಮ್ಮ ಊರ ನವಿಲಿನ ಕೂಗಿಗೆ ಟರ್ಕಿ ಉತ್ತರ ಕೊಡುವುದನ್ನು ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

ಉತ್ತರ ಬಂತಾ? ದಿಕ್ಕು ಗುರುತು ಮಾಡಿ, ಸುಮ್ಮನೆ ಹೊರಟುಬಿಡಿ. ಹತ್ತಿರ ಹೋಗಿ ನೋಡುವ ಆಸೆ ಬೇಡ. ಸಂಜೆ ಹೇಂಟೆಯ ಕೂಗನ್ನೂ ಹಾಕಬೇಡಿ.

## 6. ಕತ್ತಲಲ್ಲಿ ಒಂದು ಗಂಟೆ

ಏಪ್ರಿಲ್ ಕೊನೆಯಲ್ಲಿ ಮಿಸೌರಿಯ ನಡುಭಾಗದಲ್ಲಿ ಸೂರ್ಯ ಹುಟ್ಟುವುದು ಸುಮಾರು 6 ಗಂಟೆ 20 ನಿಮಿಷಕ್ಕೆ. 5 ಗಂಟೆ 10 ನಿಮಿಷದ ಹೊತ್ತಿಗೆ ನೀವು ಮರದ ಬುಡದಲ್ಲಿ ಕೂತಿರಬೇಕು. ಕೂತಿರಬೇಕು ಅಂದರೆ ಕೂತಿರಬೇಕು, ಕಾರು ನಿಲ್ಲಿಸುತ್ತಾ ಇರಬಾರದು. ಲೆಕ್ಕವನ್ನು ಹಿಂದಕ್ಕೆ ಹಾಕಿಕೊಂಡು ಅಲಾರಂ ಇಡಿ. ಕಾಫಿ ಮನೆಯಲ್ಲೇ ಮುಗಿಸಿ.

ಕಾರಿನ ಬಾಗಿಲನ್ನು ದೂಡಿ ಒತ್ತಿ ಮುಚ್ಚಿ, ಬಡಿಯಬೇಡಿ. ಫೋನನ್ನು ಪೂರ್ತಿ ಮೌನಕ್ಕೆ ಹಾಕಿ. ಕೋವಿಯಲ್ಲಿ ತೋಟಾ ಇರಬಾರದು, ಬೇಲಿ ದಾಟುವಾಗಂತೂ ಖಂಡಿತ ಬೇಡ. ಮಲಗುವ ಮರದ ಕಡೆ ಬೆಳಕು ಬಿಡದೆ, ಗುಡ್ಡದ ಮರೆಯಲ್ಲಿ ನಡೆಯಿರಿ. ಒಣ ಎಲೆ ಸದ್ದು ಮಾಡುತ್ತದೆ. ಎರಡು ಹೆಜ್ಜೆ, ನಿಲ್ಲು, ಮೂರು ಹೆಜ್ಜೆ, ನಿಲ್ಲು. ಒಂದೇ ಲಯದ ಹೆಜ್ಜೆ ಸದ್ದು ಮನುಷ್ಯ ಬಂದ ಅಂತ ಹೇಳಿಬಿಡುತ್ತದೆ.

ಎಷ್ಟು ಹತ್ತಿರ? ಮರದಿಂದ 125ರಿಂದ 150 ಗಜ. ಎಲೆ ಇನ್ನೂ ಚಿಗುರದ ಕಾಡಾದರೆ ಇನ್ನೂ ದೂರ. ಹೊಸಬರು ಅರವತ್ತು ಗಜಕ್ಕೆ ಹೋಗಿ ಕೂರುತ್ತಾರೆ. ಮೇಲೆ ಕೂತ ಹಕ್ಕಿಗೆ ಕೆಳಗಿನದೆಲ್ಲ ಕಾಣುತ್ತದೆ. ಅದು ನಿಮ್ಮನ್ನು ಕಂಡದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಕೂಗುತ್ತಾ ಇದ್ದ ಹುಂಜ ಇದ್ದಕ್ಕಿದ್ದ ಹಾಗೆ ಬಾಯಿ ಮುಚ್ಚಿ ಕೊಂಬೆಯ ಮೇಲೇ ತುಂಬಾ ಹೊತ್ತು ಕೂತರೆ, ಅದೇ ಸೂಚನೆ.

ನೀವು ಹೋದ ಜಾಗದಲ್ಲಿ ಆಗಲೇ ಇನ್ನೊಬ್ಬರ ಕಾರು ನಿಂತಿದ್ದರೆ ಬೇರೆ ಜಾಗಕ್ಕೆ ಹೋಗಿ. ಇದಕ್ಕೇ ಎರಡನೇ ಜಾಗ, ಮೂರನೇ ಜಾಗ ಗೊತ್ತಿರಬೇಕು.

## 7. ಕೂರುವ ವಿದ್ಯೆ

ನಿಮ್ಮ ಭುಜಕ್ಕಿಂತ ಅಗಲವಾದ ಮರ ಹುಡುಕಿ. ಬೆನ್ನಿಗೆ ಆಸರೆ, ನಿಮ್ಮ ಆಕಾರಕ್ಕೆ ಮರೆ, ಮತ್ತು ಹಿಂದಿನಿಂದ ಯಾರಾದರೂ ತಿಳಿಯದೆ ಹೊಡೆದರೆ ರಕ್ಷಣೆ. ಮೂರನೆಯ ಕಾರಣ ಒಂದೇ ಇದ್ದರೂ ಸಾಕಿತ್ತು.

ಹುಂಜಕ್ಕೂ ನಿಮಗೂ ನಡುವೆ ಹಳ್ಳ, ತಂತಿಬೇಲಿ, ದಟ್ಟ ಹಳು ಇರಬಾರದು. ಹಾರಿ ದಾಟಬಲ್ಲ ಹಕ್ಕಿ ಒಂದು ಸಣ್ಣ ತೊರೆಯ ಆಚೆ ನಿಂತು ಗಂಟೆಗಟ್ಟಲೆ ಕೂಗುತ್ತದೆಯೇ ಹೊರತು ದಾಟುವುದಿಲ್ಲ. ಯಾಕೆ ಅಂತ ಅದಕ್ಕೇ ಗೊತ್ತು. ನೀವು ಹಕ್ಕಿಯ ಮಟ್ಟದಲ್ಲೋ ಸ್ವಲ್ಪ ಮೇಲೋ ಇದ್ದರೆ ಒಳ್ಳೆಯದು. ಇಳಿಜಾರಿನ ಕೆಳಗೆ ಕೂತು ಕರೆದರೆ ಬರುವುದು ಕಡಿಮೆ. ಇನ್ನೊಂದು ಉಪಾಯ: ಎದುರಿನ ನೆಲ ಏರಿಳಿದಿರುವ ಕಡೆ ಕೂತರೆ, ಹುಂಜ ನಿಮ್ಮನ್ನು ನೋಡಬಲ್ಲ ಮೊದಲ ಜಾಗವೇ ನಿಮ್ಮ ಈಡಿನ ಅಳತೆಯೊಳಗೆ ಬರುತ್ತದೆ.

ಬಲಗೈಯವರು ಎಡಭುಜವನ್ನು ಹುಂಜದ ಕಡೆ ಮಾಡಿ ಕೂರಿ. ಹಾಗೆ ಕೂತರೆ ಕೋವಿಯನ್ನು ಎಡಕ್ಕೂ ಬಲಕ್ಕೂ ಹೆಚ್ಚು ದೂರ ತಿರುಗಿಸಬಹುದು. ಮೊಣಕಾಲು ಮಡಚಿ, ಕೋವಿಯನ್ನು ಆಗಲೇ ಅದರ ಮೇಲೆ ಇಟ್ಟಿರಿ. ತೋಟಾ ಈಗ ತುಂಬಬಹುದು, ಸೇಫ್ಟಿ (ಟ್ರಿಗರ್ ತಡೆಯುವ ಕೀಲಿ) ಹಾಕಿರಲಿ. ಸುತ್ತಲಿನ ಮೂರ್ನಾಲ್ಕು ಮರ, ಬಂಡೆ ನೋಡಿ "ಅದು ಇಪ್ಪತ್ತು, ಅದು ನಲವತ್ತು" ಅಂತ ದೂರ ಮನಸ್ಸಿನಲ್ಲಿ ಬರೆದುಕೊಳ್ಳಿ.

ಮೋಸದ ಗೊಂಬೆ ಇಡುವುದಾದರೆ, ಹಳಗನ್ನಡದಲ್ಲಿ ಇಂಥದ್ದಕ್ಕೆ 'ದೀವ' ಅನ್ನುವ ಚೆಂದದ ಮಾತಿತ್ತು, ಒಂದು ಹೇಂಟೆ ಗೊಂಬೆ ಸಾಕು. ನಿಮ್ಮಿಂದ 20 ಗಜದಲ್ಲಿ, ಬಯಲಿನ ಅಂಚಿನಲ್ಲಿ. ದಟ್ಟ ಕಾಡಿನೊಳಗೆ ನಾನು ಇಡುವುದೇ ಇಲ್ಲ. ಗೊಂಬೆಯನ್ನು ಹೊತ್ತು ನಡೆಯುವಾಗ ಚೀಲದೊಳಗೆ ಪೂರ್ತಿ ಮುಚ್ಚಿರಬೇಕು.

ಇನ್ನು ಅಲುಗದಿರುವುದು. ಟರ್ಕಿಗೆ ವಾಸನೆ ಅಷ್ಟಾಗಿ ತಿಳಿಯದು, ಆದ್ದರಿಂದ ಜಿಂಕೆ ಬೇಟೆಯವರ ಹಾಗೆ ಗಾಳಿಯ ದಿಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣು ಮಾತ್ರ ಭಯಂಕರ. ತಲೆಯ ಎರಡು ಬದಿಗೂ ಕಣ್ಣಿರುವುದರಿಂದ ಹಿಂದಿನ ಸ್ವಲ್ಪ ಜಾಗ ಬಿಟ್ಟು ಸುತ್ತೆಲ್ಲ ಕಾಣುತ್ತದೆ. ಸೊಳ್ಳೆ ಕಚ್ಚಿದರೂ ಕೈ ಎತ್ತುವಂತಿಲ್ಲ.

ಇನ್ನೊಬ್ಬ ಬೇಟೆಗಾರ ನಿಮ್ಮ ಕಡೆ ಬರುವುದು ಕಂಡರೆ ಕೈ ಬೀಸಬೇಡಿ, ಟರ್ಕಿ ಸದ್ದು ಮಾಡಬೇಡಿ, ಏಳಬೇಡಿ. ಮನುಷ್ಯನ ಮಾತಿನಲ್ಲಿ, ಜೋರಾಗಿ "ಹಲೋ, ಇಲ್ಲಿ ಜನ ಇದ್ದಾರೆ" ಅಂತ ಇಂಗ್ಲಿಷಿನಲ್ಲಿ ಕೂಗಿ. ಆ ಬೆಳಗ್ಗೆಯ ಬೇಟೆ ಹಾಳಾಯಿತು, ಆಗಲಿ ಬಿಡಿ. ಹಾಗೆಯೇ ನೀವೂ ಇನ್ನೊಂದು ಕಡೆ ಕೇಳಿದ ಟರ್ಕಿ ಸದ್ದನ್ನು ಹಿಂಬಾಲಿಸಿ ನುಸುಳಿಕೊಂಡು ಹೋಗಬೇಡಿ. ಆ ಸದ್ದಿನ ಹಿಂದೆ ಕೋವಿ ಹಿಡಿದ ಮನುಷ್ಯ ಇರಬಹುದು.

## 8. ಯಾವಾಗ ಕೂಗಬೇಕು, ಯಾವಾಗ ಬಾಯಿ ಮುಚ್ಚಬೇಕು

ಹಕ್ಕಿಗಳು ಕೂಗಲು ಶುರು ಮಾಡಿ, ಪೂರ್ವ ದಿಕ್ಕು ಬೂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಮೊದಲ ಗುಳುಗುಳು ಕೇಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ತಾನಾಗಿ ಸ್ಲೇಟಿಗೆ ಹೋಗುತ್ತದೆ. ತಡೆಯಿರಿ. ಹಕ್ಕಿ ಎಲ್ಲಿದೆ ಅಂತ ಗೊತ್ತಾಗಿದ್ದರೆ ಗೂಬೆ ಕೂಗೂ ಬೇಡ.

ಸ್ವಲ್ಪ ಬೆಳಕಾದ ಮೇಲೆ ನಿದ್ದೆಗಣ್ಣಿನ ಹೇಂಟೆಯ ಹಾಗೆ ಮೂರು ಮೆತ್ತನೆ ಯೆಲ್ಪ್. ಪಕ್ಕದಲ್ಲಿ ಕೂತವನಿಗೆ ಮಾತ್ರ ಕೇಳುವಷ್ಟು. ಹುಂಜ ಉತ್ತರ ಕೊಟ್ಟಿತಾ? ಹಾಗಾದರೆ ಕೆಲಸ ಆಯಿತು, ಸ್ಲೇಟನ್ನು ಕೆಳಗಿಡಿ. ನೀವೆಲ್ಲಿದ್ದೀರಿ ಅಂತ ಅದಕ್ಕೆ ಅಂಗುಲದ ಲೆಕ್ಕದಲ್ಲಿ ಗೊತ್ತು.

ಇಲ್ಲೇ ಜನ ಕೆಡಿಸುವುದು. ಹುಂಜ ಕೂಗಿದಾಗಲೆಲ್ಲ ಇವರೂ ಕೂಗುತ್ತಾರೆ. ಟರ್ಕಿಗಳ ಲೋಕದಲ್ಲಿ ಹುಂಜ ಕೂಗಿ, ಹೇಂಟೆ ಅದರ ಹತ್ತಿರ ಹೋಗುವುದು ಪದ್ಧತಿ. ನೀವು ಅದನ್ನು ತಿರುಗಿಸಲು ಹೊರಟಿದ್ದೀರಿ. ಹೇಂಟೆ ಇಷ್ಟೊಂದು ಉತ್ಸಾಹದಲ್ಲಿದ್ದರೆ ತಾನೇ ಬರುತ್ತಾಳೆ ಅಂತ ಹುಂಜ ಕೊಂಬೆಯ ಮೇಲೇ ಆರಾಮವಾಗಿ ಕೂರುತ್ತದೆ. ಅಷ್ಟರಲ್ಲಿ ನಿಜವಾದ ಹೇಂಟೆಗಳು ಕೆಳಗೆ ಬಂದು ಅದನ್ನು ಕರೆದುಕೊಂಡು ಹೋಗುತ್ತವೆ. ನೀವು ಸುಮ್ಮನಾದರೆ ಅದಕ್ಕೆ ಅನುಮಾನ: "ಎಲ್ಲಿ ಹೋದಳು?"

ಧೊಪ್ಪನೆ ರೆಕ್ಕೆ ಬಡಿದು ಕೆಳಗಿಳಿದ ಸದ್ದು ಕೇಳಿದ ಮೇಲೆ ಒಂದು ಸಲ ನಾಲ್ಕೈದು ಯೆಲ್ಪ್, ಈಗ ಸ್ವಲ್ಪ ಜೋರಾಗಿ. ಮತ್ತೆ ಮೌನ. ಕೂಗು ಹತ್ತಿರವಾಗುತ್ತಿದ್ದರೆ ಇನ್ನೇನೂ ಮಾಡಬೇಡಿ. ಒಂದೇ ಜಾಗದಲ್ಲಿ ನಿಂತರೆ ಪಕ್ಕದ ಒಣ ಎಲೆಯನ್ನು ಬೆರಳಿನಿಂದ ಹೇಂಟೆ ಮೇಯುವ ಹಾಗೆ ಕೆದರಿ: ಒಂದು, ಎರಡು, ನಿಲ್ಲು, ಒಂದು. ನನ್ನ ಅನುಭವದಲ್ಲಿ ಯಾವ ಪೀಪಿಗಿಂತಲೂ ಇದು ಹೆಚ್ಚು ಹುಂಜಗಳನ್ನು ಕರೆತಂದಿದೆ, ಇದಕ್ಕೆ ದುಡ್ಡೂ ಇಲ್ಲ.

ಕೂಗು ಪೂರ್ತಿ ನಿಂತುಹೋದರೆ? ಹೊರಟುಹೋಯಿತು ಅಂತ ಏಳುತ್ತಾರೆ. ಎದ್ದ ಕೂಡಲೇ ಮೂವತ್ತು ಗಜದಲ್ಲಿ "ಪಟ್!" ಬಾಯಿ ಮುಚ್ಚಿದ ಹುಂಜ ಹಲವು ಸಲ ಬರುತ್ತಿರುವ ಹುಂಜ. ಕೊನೆಯ ಕೂಗಿನಿಂದ ಕನಿಷ್ಠ 45 ನಿಮಿಷ ಗಡಿಯಾರ ನೋಡಿ ಕೂರಿ. ಕಿವಿಗೊಟ್ಟರೆ "ಚುಪ್… ಡುಮ್ಮ್ಮ್" ಅನ್ನುವ ತೀರಾ ತಗ್ಗಿದ ಸದ್ದು ಕೇಳಬಹುದು, ಕಿವಿಗಿಂತ ಎದೆಗೇ ತಗುಲುವಂಥದ್ದು. ಅದು ಕೇಳಿಸಿದರೆ ಹುಂಜ ತೀರಾ ಹತ್ತಿರ ಇದೆ.

ಗಾಳಿ, ಮಳೆಯ ದಿನ ಕೂಗು ಕಡಿಮೆ. ಅಂದು ಕಾಡಿನಲ್ಲಿ ಕೂರುವ ಬದಲು ಹುಲ್ಲುಬಯಲಿನ ಅಂಚಿಗೆ ಹೋಗಿ.

## 9. ಈಡು

ತಲೆ ಮರದ ಹಿಂದೆ ಹೋದಾಗ ಮಾತ್ರ ಕೋವಿ ಸರಿಪಡಿಸಿಕೊಳ್ಳಿ. ಬಯಲಲ್ಲಿ ನಿಂತಿರುವಾಗ ಅಲುಗಬೇಡಿ.

ಮೊದಲು ಗಡ್ಡ ನೋಡಿ. ಎದೆಯಿಂದ ತೂಗುವ ಕುದುರೆ ಕೂದಲಿನಂಥ ಜೊಂಪೆ. ತಲೆಯ ಬಣ್ಣ, ಬಾಲದ ಬೀಸಣಿಗೆ, ಕೂಗು, ಇವಿಷ್ಟನ್ನೇ ನಂಬಿ ಹೊಡೆಯಬೇಡಿ. ಹಿಂದೆ, ಪಕ್ಕದಲ್ಲಿ ಬೇರೆ ಹಕ್ಕಿ ಇಲ್ಲ ತಾನೇ? ಅದರಾಚೆ ಏನಿದೆ? ನಿಮ್ಮ ಕೋವಿಯ ಎಲ್ಲೆ ಅಂತ ಗುರುತು ಮಾಡಿದ ಮರದ ಈಚೆ ಬಂದಿದೆಯಾ? ಎಲ್ಲವೂ ಸರಿ ಇದೆ ಅನ್ನಿಸಿದ ಮೇಲೆ ಸೇಫ್ಟಿ ತೆಗೆಯಿರಿ.

ಬಾಲ ಬಿಚ್ಚಿ ಉಬ್ಬಿಕೊಂಡು ನಿಂತ ಹುಂಜದ ಕತ್ತು ಒಳಗೆ ಮುದುಡಿರುತ್ತದೆ. ಆಗ ಹೊಡೆಯಬೇಡಿ. ಬಾಯಿಯಿಂದಲೇ ಒಂದು 'ಟಕ್' ಅನ್ನಿ, ತಲೆ ಎತ್ತುತ್ತದೆ. ಗರಿ ಮುಗಿದು ಬರಿ ಚರ್ಮ ಶುರುವಾಗುವ ಕತ್ತಿನ ಜಾಗಕ್ಕೆ ಗುರಿ ಇಟ್ಟು ಟ್ರಿಗರ್ ಒತ್ತಿ. ಓಡುವ, ಹಾರುವ ಹಕ್ಕಿಗೆ ಹೊಡೆಯಬೇಡಿ.

ಕತ್ತು ನೀಟಾಗಿ ಎತ್ತಿ, ರೆಕ್ಕೆಯನ್ನು ಒಮ್ಮೆ ಕೊಡವಿ ಮಡಚಿಕೊಂಡು ಅತ್ತಿತ್ತ ಹೆಜ್ಜೆ ಹಾಕಿದರೆ ಅದಕ್ಕೆ ಅನುಮಾನ ಬಂದಿದೆ. ನಿಮಗಿರುವುದು ಮೂರ್ನಾಲ್ಕು ಸೆಕೆಂಡು. ಗುರಿ ಸರಿ ಇದ್ದರೆ ಹೊಡೆಯಿರಿ, ಇಲ್ಲದಿದ್ದರೆ ಹೋಗಲು ಬಿಡಿ. ನಾಳೆಯೂ ಅದೇ ಗುಡ್ಡದಲ್ಲಿರುತ್ತದೆ.

## 10. ಹೇಂಟೆಗಳ ಜೊತೆ ಹೊರಟುಹೋದರೆ

ಏಳು ಗಂಟೆಗೆ ಕಾಡು ತಣ್ಣಗಾಗುತ್ತದೆ, ಬಹಳ ಜನ ತಿಂಡಿಗೆ ಮನೆಗೆ ಹೋಗುತ್ತಾರೆ. ಸೀಸನ್ ಮುಂದುವರಿದ ಹಾಗೆ ಹೇಂಟೆಗಳು ಬೆಳಗಿನ ಹೊತ್ತು ಹುಂಜವನ್ನು ಬಿಟ್ಟು ಗೂಡಿಗೆ ಹೋಗುತ್ತವೆ. ಒಂಬತ್ತರಿಂದ ಹನ್ನೊಂದರವರೆಗೆ ಹುಂಜ ಒಂಟಿ. ಆಗ ನಕ್ಷೆಯಲ್ಲಿ ಗುರುತು ಹಾಕಿದ್ದ ಕುಣಿಯುವ ಜಾಗದ ಹತ್ತಿರ ಕೂತು, ಇಪ್ಪತ್ತು ನಿಮಿಷಕ್ಕೊಂದು ಸಲ ನಾಲ್ಕೈದು ಯೆಲ್ಪ್. ನಸುಕಿನಲ್ಲಿ ನೀವು ಕರೆದ ಜಾಗವನ್ನು ಅದು ಮರೆತಿರುವುದಿಲ್ಲ, ಅಲ್ಲಿಗೇ ಹುಡುಕಿಕೊಂಡು ಬರುವುದೂ ಉಂಟು. ಹಾಗಾಗಿ ಎರಡು ಚಪಾತಿ ಸುತ್ತಿ ಜೇಬಿನಲ್ಲಿಟ್ಟುಕೊಂಡೇ ಹೋಗಿ.

## 11. ಬಿದ್ದ ಮೇಲೆ

ಸೇಫ್ಟಿ ಹಾಕಿ, ಬೇಗ ನಡೆದು ಹೋಗಿ, ಬೀಳದ ಹಾಗೆ. ಸತ್ತ ಹಕ್ಕಿಯೂ ಒಂದು ನಿಮಿಷ ರೆಕ್ಕೆ ಬಡಿಯುತ್ತದೆ. ಕುತ್ತಿಗೆಯನ್ನು ಬೂಟಿನಿಂದ ಒತ್ತಿ ಹಿಡಿಯಿರಿ. ಕಾಲಿಗೆ ಕೈ ಹಾಕುವ ಅವಸರ ಬೇಡ, ಕಾಲಿನ ಹಿಂದಿನ ಮುಳ್ಳು ಅಂಗೈ ಸೀಳುತ್ತದೆ.

ಪರ್ಮಿಟ್‌ನಲ್ಲಿ ಗುರುತು ಅಲ್ಲೇ, ತಕ್ಷಣ ಹಾಕಿ. ಕಾರಿಗೆ ಹೊತ್ತುಕೊಂಡು ಹೋಗುವಾಗ ಹಕ್ಕಿಗೆ ಕಿತ್ತಳೆ ಬಟ್ಟೆ ಸುತ್ತಿ. ಹೆಗಲ ಮೇಲೆ ತೂಗುವ ಹುಂಜ ದೂರದಿಂದ ನಡೆದಾಡುವ ಹುಂಜವೇ. ಅದೇ ದಿನ ರಾತ್ರಿ 10 ಗಂಟೆಯೊಳಗೆ, ಹಕ್ಕಿಯನ್ನು ಕತ್ತರಿಸುವ ಮುಂಚೆ, ಇಲಾಖೆಯ ವರದಿ ವ್ಯವಸ್ಥೆಯಾದ ಟೆಲಿಚೆಕ್‌ನಲ್ಲಿ ವರದಿ ಮಾಡಿ.

ಬಿಸಿಲೇರುವ ಮುಂಚೆ ಹೊಟ್ಟೆ ತೆಗೆದು ಒಳಗೆ ಐಸ್ ಚೀಲ ಇಡಿ. ಎದೆಮಾಂಸದಲ್ಲಿ ಕೊಬ್ಬಿಲ್ಲ, ನಾಟಿ ಕೋಳಿಯ ಹಾಗೆ ಕುದಿಸಿದರೆ ನಾರು. ತೆಳ್ಳಗೆ ಕೊಯ್ದು ಮೆಣಸು, ನಿಂಬೆ ಹಚ್ಚಿ ಕಾವಲಿಯ ಮೇಲೆ ಬೇಗ ಹುರಿಯಿರಿ, ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಕಾಲು ಬೇರೆ ಕಥೆ. ದಿನವಿಡೀ ನೆಲದ ಮೇಲೆ ಓಡಾಡಿದ ಕಾಲು ಅದು, ಕಡ್ಡಿಯಂಥ ನರಗಳಿರುತ್ತವೆ. ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ನರ ಎಳೆದು ಹಾಕಿ, ಆ ಮಾಂಸವನ್ನು ಸಾರಿಗೆ ಬಿಡಿ. ಮಕ್ಕಳ ತಟ್ಟೆಗೆ ಬಡಿಸುವ ಮುಂಚೆ ಕತ್ತಿನ ಹತ್ತಿರದ ತುಂಡುಗಳನ್ನು ಬೆರಳಲ್ಲಿ ಒತ್ತಿ ನೋಡಿ, ಒಂದೆರಡು ಚರೆ ಒಳಗೇ ಉಳಿದಿರುತ್ತದೆ.